ಅಪ್ಪನ ಬೋಟಿಗೆ ಬಳಿದ ತುಕ್ಕು

ನಮ್ಮಪ್ಪ ನೌಕಾಪಡೆಯಲ್ಲಿ ಹದಿನೈದು ವರ್ಷ ಇದ್ದು ಬಂದವರು. ಕಳ್ಳಂಬೆಳ್ಳದ ಕೆರೆಯಲ್ಲಿ ಎಮ್ಮೆ ಮೈ ತೊಳೆದದ್ದು ಬಿಟ್ಟರೆ ನೀರಿನ ಅನುಭವವೇ ಇಲ್ಲದ ಮನುಷ್ಯ ಅಲ್ಲಿಗೆ ಹೇಗೆ ಸೇರಿದರೋ ದೇವರಿಗೇ ಗೊತ್ತು. ಅಲ್ಲಿನ ಸುದ್ದಿ ಕೇಳಿದರೆ ಮಾತ್ರ ಬಾಯಿಗೆ ಬೀಗ. ಮನೆಯಲ್ಲಿದ್ದದ್ದು ಒಂದೇ ಫೋಟೊ: ಗಸ್ತು ಬೋಟಿನ ಮುಂದೆ ಮೀಸೆ ಬಿಟ್ಟುಕೊಂಡು ನಿಂತ ಅಪ್ಪ. ಮೀಸೆ ಸ್ಪಷ್ಟ, ಬೋಟು ಮಸುಕು.

ಹೋದ ವರ್ಷ ನನಗೆ ಹಠ ಹತ್ತಿತು. ಆ ಬೋಟನ್ನು ಒಂದು ಮೊಳ ಉದ್ದಕ್ಕೆ ಮಾಡಿ ಅಪ್ಪನ ಮುಂದಿಡಬೇಕು, ಇದೇ ನನ್ನ ಬೋಟು ಅಂತ ಅವರ ಬಾಯಲ್ಲಿ ಬರಬೇಕು. ಅಷ್ಟೇ ನನ್ನ ಆಸೆ. ಶಿರಾದಲ್ಲಿ ನನ್ನದು ಬೋರ್ಡ್ ಬರೆಯುವ ಅಂಗಡಿ. ಮಿಕ್ಕಿದ ಸನ್‌ಬೋರ್ಡ್ ಎಂಬ ಪ್ಲಾಸ್ಟಿಕ್ ಹಲಗೆಯ ತುಂಡುಗಳಿಂದ ಒಡಲು, ಪೈಪಿನಿಂದ ಫಿರಂಗಿ, ಹಳೆ ಛತ್ರಿಯ ಕಡ್ಡಿಗಳಿಂದ ಕಟಕಟೆ ಆಯಿತು. ಪಾವಗಡದಿಂದ ಬಂದ ಗಿರಾಕಿಯೊಬ್ಬರು "ನೀಳ್ಳೇ ಲೇವು, ಪಡವ ಎಂದುಕು ಸಾಮೀ?" ಅಂದರು. ನೀರೇ ಇಲ್ಲದ ಊರಲ್ಲಿ ದೋಣಿ ಯಾಕೆ ಎಂದು ಅವರು ತೆಲುಗಿನಲ್ಲಿ ಕೇಳುತ್ತಿದ್ದರೆ ನಾನು ಫಿರಂಗಿ ಅಂಟಿಸುತ್ತಿದ್ದೆ.

ಬೂದು ಬಣ್ಣ ಹೊಡೆದ ಮೇಲೆ ಅದು ಆಟದ ಸಾಮಾನಿನಂತೆ ಕಂಡಿತು. ಸಮುದ್ರ ಕಂಡ ಬೋಟು ಹಾಗಿರುತ್ತದೆಯೇ? ಫೋನಿನಲ್ಲಿ ವಿಡಿಯೊ ನೋಡಿ ಹೊಸದನ್ನು ಹಳೆಯದು ಮಾಡುವ ವಿದ್ಯೆ ಕಲಿತೆ. ಅಂಚುಗಳಿಗೆ ಟೀ ಡಿಕಾಕ್ಷನ್, ನೀರಿನ ಮಟ್ಟದ ಗೆರೆಗೆ ಮಸಿ, ಉಳಿದ ಕಡೆಯಲ್ಲೆಲ್ಲ ಕೆಮ್ಮಣ್ಣನ್ನು ಸ್ಪಂಜಿನಲ್ಲಿ ಒತ್ತಿ ಒತ್ತಿ ತುಕ್ಕು ಹತ್ತಿಸಿದೆ. ಮೂರು ತಿಂಗಳು ಹಿಡಿಯಿತು. ನಡುವೆ 'ಕುರಿ ಮಾರಾಟಕ್ಕಿವೆ' ಬೋರ್ಡಿನ ಕೆಂಗಂದು ಎನಾಮೆಲ್ ಒಂದು ತೊಟ್ಟು ಕೈತಪ್ಪಿ ಬೋಟಿನ ಮೂತಿಯ ಎಡಕ್ಕೆ ಬಿದ್ದು ಗೆರೆಯಾಗಿ ಇಳಿಯಿತು. ಸೋಮಾರಿತನಕ್ಕೆ ಒರೆಸಲಿಲ್ಲ.

ಆಯುಧಪೂಜೆಯ ಹಿಂದಿನ ದಿನ ಅಪ್ಪನ ಮುಂದಿಟ್ಟೆ. ಕನ್ನಡಕ ಏರಿಸಿ ಒಂದು ಸುತ್ತು ನೋಡಿದರು. ಮುಖ ಕೆಂಪಾಯಿತು.

"ಥೂ! ಇದ್ಯಾವ ಗುಜ್ರಿ ಲೇ? ಹದಿನೈದು ವರ್ಸ ತುಕ್ಕು ಕೆರ್ದು ಬಣ್ಣ ಹೊಡ್ದು ಸತ್ತಿವ್ನಿ ನಾನು. ಅದೇ ನನ್ ಕೆಲ್ಸ. ಇಂಗೆ ಬುಟ್ಟಿದ್ರೆ ಸಾಹೇಬ ನನ್ನೇ ಸಮುದ್ರಕ್ಕೆ ಎಸೀತಿದ್ದ!"

ಅಂತೂ ಬೀಗ ತೆರೆಯಿತು, ಬೈಗುಳಕ್ಕೆ. ನಮ್ಮಪ್ಪ ಶತ್ರುಗಳ ಮೇಲೆ ಗುಂಡು ಹಾರಿಸಿದವರೆಂದು ಶಾಲೆಯಲ್ಲಿ ನಾನು ಕೊಚ್ಚಿಕೊಂಡದ್ದೆಲ್ಲ ನೀರುಪಾಲು.

ಮರುದಿನ ಬೆಳಿಗ್ಗೆ ಹಿತ್ತಲಿಗೆ ಹೋದೆ. ನಮ್ಮಲ್ಲಿ ಪೂಜೆಗೆ ಕುಡುಗೋಲಿನಿಂದ ಮಿಕ್ಸಿಯವರೆಗೆ ಎಲ್ಲವನ್ನೂ ತೊಳೆಯಬೇಕು. ಅಪ್ಪ ನನ್ನ ಬೋಟನ್ನೂ ಆ ಸಾಲಿನಲ್ಲಿಟ್ಟು, ಹುಣಸೆಹಣ್ಣು ಮತ್ತು ಹಲ್ಲುಜ್ಜುವ ಹಳೆ ಬ್ರಷ್ ಹಿಡಿದು ತಿಕ್ಕುತ್ತಿದ್ದರು. ವಾರ್ನಿಷ್ ಹೊಡೆಯದ ನನ್ನ ಮೂರು ತಿಂಗಳ ತುಕ್ಕು ಚರಂಡಿಗೆ ಹರಿಯುತ್ತಿತ್ತು. "ಅಪ್ಪಾ!" ಎಂದು ಕೂಗಿದೆ. ಅಳು ಬರುವಷ್ಟು ಸಿಟ್ಟು ಬಂದಿತ್ತು, ಮುಚ್ಚಿಡುವುದೇನಿದೆ.

ಅವರು ತಿಕ್ಕುತ್ತಲೇ ಹೋದರು. ಮೂತಿಯ ಎಡಕ್ಕೆ ಬಂದು ಬ್ರಷ್ ನಿಂತಿತು. ತಿಕ್ಕಿದರು, ಉಗುರಿನಿಂದ ಕೆರೆದರು, ಮತ್ತೆ ತಿಕ್ಕಿದರು. ಆ ಕೆಂಗಂದು ಗೆರೆ ಜಗ್ಗಲಿಲ್ಲ. ಬ್ರಷ್ ಕೆಳಗಿಟ್ಟರು.

"ಇದು ಓಗಲ್ಲ ಕಣ್ಲಾ. ಲಂಗರಿನ ಸರಪಳಿ ಇಲ್ಲೇ ಉಜ್ಜೋದು. ನಾನೆಷ್ಟು ಕೆರುದ್ರೂ ವಾರದೊಳ್ಗೆ ಬಂದ್ಬುಡೋದು." ಬೆರಳಿನಿಂದ ಸವರಿದರು. "ನನ್ ಬೋಟೇ ಇದು. ಆ ಮಸುಕು ಫೋಟೊದಾಗೆ ಇದು ಹೆಂಗೆ ಕಾಣ್ತಲಾ ನಿಂಗೆ?"

"ಕಾಣಿಸ್ತು ಕಣಪ್ಪ" ಎಂದೆ.

ಅಪ್ಪ ಬೋಟಿನ ಮೂತಿಗೆ ಕುಂಕುಮವಿಟ್ಟರು. ಅಮ್ಮ ಫಿರಂಗಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಬೋಟು ಈಗ ಟಿವಿ ಪಕ್ಕದಲ್ಲಿ ಫಳಫಳ ಹೊಳೆಯುತ್ತಿದೆ. ಮನೆಗೆ ಬಂದವರಿಗೆಲ್ಲ ಅಪ್ಪ ಆ ಗೆರೆಯಿಂದಲೇ ಶುರುಮಾಡಿ ಸಮುದ್ರದ ಕಥೆ ಹೇಳುತ್ತಾರೆ. ಕುರಿ ಬೋರ್ಡಿನ ಬಣ್ಣದ ವಿಷಯ ನಾನು ಇವತ್ತಿಗೂ ಬಾಯಿ ಬಿಟ್ಟಿಲ್ಲ.