ತನ್ನಷ್ಟಕ್ಕೆ ತಾನೇ ಆಗುವ ಕೆಲಸ

ಅಂಚೆ ಡಬ್ಬಿಗೆ ಕಾಗದ ಹಾಕಿದ ಕೂಡಲೇ ಮನೆಗೆ ಬರುವ ಜಾಯಮಾನ ನನ್ನದಲ್ಲ. ಹಾಕಿದ ಕಾಗದ ಒಳಗೆ ಬಿತ್ತೋ, ಇಲ್ಲಾ ಬಾಯಲ್ಲೇ ಸಿಕ್ಕಿಕೊಂಡಿತೋ ಎಂದು ಬೆರಳು ತೂರಿಸಿ ತಡವುತ್ತೇನೆ. ಒಮ್ಮೆ ಹಳಿಯಾಳದ ಪೇಟೆಯಲ್ಲಿ ಹೀಗೆ ತಡವುವಾಗ ಬಳೆ ಸಿಕ್ಕಿಕೊಂಡು, ಪೋಸ್ಟ್‌ಮನ್ ಬೀಗದ ಕೈ ತರುವವರೆಗೆ ಡಬ್ಬಿಯ ಜೊತೆ ಕೈ ಕುಲುಕಿಕೊಂಡು ನಿಂತಿದ್ದೆ. ನನ್ನ ಟೈಪಿಂಗ್ ಕ್ಲಾಸಿನ ಹುಡುಗಿಯರೆಲ್ಲ ಅದೇ ದಾರಿಯಲ್ಲಿ ಹೋಗಿ, ಒಬ್ಬೊಬ್ಬರಾಗಿ ನಮಸ್ಕಾರ ಮಾಡಿದರು.

ನಾನೇ ಕೈಯಾರೆ ಮಾಡುವ ಕೆಲಸದ ಬಗ್ಗೆ ನನಗೆ ಹೆದರಿಕೆಯಿಲ್ಲ. ಹೇಳಿಟ್ಟು ಬೆನ್ನು ತಿರುಗಿಸಿ ಬಂದ ಕೆಲಸ ಇದೆಯಲ್ಲ, ಅದರ ಹೆದರಿಕೆ. ಹಾಲಿನವನಿಗೆ ನಾಳೆ ಅರ್ಧ ಲೀಟರ್ ಹೆಚ್ಚು ಹಾಕು ಎಂದು ಹೇಳಿದ್ದರೆ, ಬೆಳಿಗ್ಗೆ ಅವನಿಗಿಂತ ಮುಂಚೆ ಎದ್ದು ಗೇಟಿನ ಬಳಿ ನಿಂತಿರುತ್ತೇನೆ. ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಕೆಲಸ ಮಾಡುವ ನನ್ನ ಯಜಮಾನರು, “ನೀ ಕೆಲಸಾ ಹೇಳಿಟ್ಟು ಕಾಯೂದಕ್ಕಿಂತ ನೀನ ಮಾಡಿಬಿಟ್ರ ದಣಿವು ಕಡಿಮಿ” ಎನ್ನುತ್ತಾರೆ. ಅವರು ಹೇಳುವುದು ಸರಿ. ಆದರೆ ಸರಿಯಾದ ಮಾತಿನಿಂದ ಹೆದರಿಕೆ ಹೋದದ್ದನ್ನು ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ.

ಇಂಥ ನನ್ನ ಕೈಗೆ, ತನ್ನಷ್ಟಕ್ಕೆ ತಾನೇ ಕೆಲಸ ಮಾಡುವ ಯಂತ್ರವೊಂದು ಬಂತು.

ಟೈಪಿಂಗ್ ಕಲಿಯುವವರು ಕಡಿಮೆಯಾಗಿ ನನ್ನ ಇನ್‌ಸ್ಟಿಟ್ಯೂಟು ಕಂಪ್ಯೂಟರ್ ಸೆಂಟರ್ ಆಗಿದ್ದ ಕಾಲ ಅದು. ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿರಬೇಕು. ಹತ್ತು ಕಂಪ್ಯೂಟರು, ಒಂದು ಜನರೇಟರು, ಮತ್ತು ನಾನೇ ಪುಸ್ತಕ ನೋಡಿ ಕಟ್ಟಿದ ಒಂದು ವೆಬ್‌ಸೈಟು. ಆ ವೆಬ್‌ಸೈಟನ್ನು ಹತ್ತೂ ಕಂಪ್ಯೂಟರುಗಳಲ್ಲಿ, ಇಂಟರ್ನೆಟ್ ತೆರೆದ ಕೂಡಲೇ ಮೊದಲು ಅದೇ ಕಾಣುವಂತೆ ಮಾಡಿಟ್ಟಿದ್ದೆ. ದಿನಕ್ಕೆ ನೂರಾರು ಸಲ ಜನ ನೋಡುತ್ತಾರೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಆ ಜನ ಯಾರೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಜನರೇಟರ್ ಕೈಕೊಟ್ಟಾಗ ದಾಂಡೇಲಿಯಿಂದ ಬಂದು ದುರಸ್ತಿ ಮಾಡುತ್ತಿದ್ದವರು ರಫೀಕ್ ಭಾಯ್. ಲಾರಿ ಎಂಜಿನ್ನಿನ ಮೆಕ್ಯಾನಿಕ್ಕು. ಕಡಿಮೆ ಮಾತಿನ ಮನುಷ್ಯ. ಅವರ ಮಗಳು ನಸ್ರೀನಳಿಗೆ ಥಲಸ್ಸೇಮಿಯಾ. ಮಗುವಿನ ಮೈ ತನಗೆ ಬೇಕಾದಷ್ಟು ರಕ್ತವನ್ನು ತಾನು ಮಾಡಿಕೊಳ್ಳಲಾರದು. ಮೂರು ವಾರಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಿ ರಕ್ತ ಹಾಕಿಸಿಕೊಂಡು ಬರಬೇಕು. ಅದಕ್ಕೆ ಎರಡು ದಿನ ಮೊದಲು ಅದೇ ಗುಂಪಿನ ಒಬ್ಬರು ಹೋಗಿ ರಕ್ತ ಕೊಟ್ಟು ಬರಬೇಕು. ದಾಂಡೇಲಿ, ಹಳಿಯಾಳ, ಮುಂಡಗೋಡ ಎಲ್ಲ ಸುತ್ತಿ ರಫೀಕ್ ಭಾಯ್ ಹದಿನಾಲ್ಕು ಜನರನ್ನು ಕೂಡಿಸಿಟ್ಟಿದ್ದರು. ಒಬ್ಬರಾದ ಮೇಲೆ ಒಬ್ಬರ ಪಾಳಿ. ಪ್ರತಿ ಸಲವೂ ಇವರು ಫೋನು ಮಾಡಿ ನೆನಪಿಸಬೇಕು. ಒಮ್ಮೆ ಒಬ್ಬರು ಊರಲ್ಲಿಲ್ಲದೆ ಒಂದು ವಾರ ತಡವಾಯಿತು. ನಸ್ರೀನ್ ಶಾಲೆಯ ಮೆಟ್ಟಿಲ ಮೇಲೆ ಕುಳಿತವಳು ಏಳಲಾರದೆ ಹೋದಳಂತೆ. ತುಟಿ ಬಿಳಿಚಿಕೊಂಡಿತ್ತಂತೆ.

“ಅಕ್ಕೋರ, ಪ್ರತಿ ಸಲ ಫೋನ್ ಹಚ್ಚಿ ರಕ್ತ ಕೊಡ್ರಿ ಅಂತ ಕೇಳಾಕ ನಾಲಿಗಿ ಏಳೂದಿಲ್ರೀ,” ಎಂದರು ಅವರು ಜನರೇಟರಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು. “ಅವರೇನ ಇಲ್ಲ ಅನ್ನೂದಿಲ್ಲ. ಆದ್ರ ಕೇಳಾವ ನಾನ ಅಲ್ಲೇನ್ರೀ. ನಿಮ್ಮ ಕಂಪ್ಯೂಟರ ಕೇಳಿದ್ರ ಹೆಂಗ?”

ಕೇಳುತ್ತದೆ ಎಂದೆ. ಹೆದರುಪುಕ್ಕರು ಕೆಲವೊಮ್ಮೆ ಹೀಗೆ ಸಟಕ್ಕನೆ ಒಪ್ಪಿಬಿಡುತ್ತಾರೆ.

ವೆಬ್‌ಸೈಟಿನ ತಂತ್ರಾಂಶದಲ್ಲಿ ತೆರೆಯ ಹಿಂದೆ ನಡೆಯುವ ಕೆಲಸಗಳಿಗೊಂದು ಪಟ್ಟಿ ಇರುತ್ತದೆ. ನಾವು ಕೆಲಸ ಹೇಳಿ, ಹೊತ್ತು ಗೊತ್ತುಮಾಡಿ ಎದ್ದು ಹೋಗಬಹುದು. ಅದರಲ್ಲಿ ಎರಡೇ ಬಗೆ. ಒಮ್ಮೆ ಮಾತ್ರ ಮಾಡಬೇಕಾದದ್ದು, ಮತ್ತೆ ಮತ್ತೆ ಮಾಡಬೇಕಾದದ್ದು. ಇದನ್ನು ಓದಿದಾಗ ನನಗೆ ನಗು ಬಂತು. ನಮ್ಮ ತಂದೆ ನಿತ್ಯಕರ್ಮ, ನೈಮಿತ್ತಿಕ ಕರ್ಮ ಎಂದು ಭೇದ ಹೇಳಿ, ದಿನದ ಸಂಧ್ಯಾವಂದನೆ ಒಂದು ಕಡೆ, ಒದಗಿ ಬಂದಾಗ ಮಾಡುವುದು ಇನ್ನೊಂದು ಕಡೆ ಎಂದು ಪಾಠ ಒಪ್ಪಿಸುತ್ತಿದ್ದರು. ರಫೀಕ್ ಭಾಯ್‌ಗೆ ಹೇಳಿದರೆ ಅವರು, “ಐದ ಹೊತ್ತಿನ ನಮಾಜು ಒಂದ ನಮೂನಿ, ಹಜ್ ಯಾತ್ರಾ ಒಂದ ನಮೂನಿ. ತಿಳೀತ್ ಬಿಡ್ರಿ” ಎಂದರು. ಹೆಂಗಸರನ್ನು ಕೇಳಿದ್ದರೆ ಮದುವೆ ಒಮ್ಮೆ, ಮುಸುರೆ ಪಾತ್ರೆ ಮತ್ತೆ ಮತ್ತೆ ಎಂದು ಇನ್ನೂ ಬೇಗ ಹೇಳುತ್ತಿದ್ದರು.

ನಸ್ರೀನಳದು ಮತ್ತೆ ಮತ್ತೆ. ಮೂರು ವಾರಕ್ಕೊಮ್ಮೆ, ಸೋಮವಾರ ಬೆಳಿಗ್ಗೆ, ಪಾಳಿಯಲ್ಲಿ ಮುಂದಿರುವವರ ಮೊಬೈಲಿಗೆ ಒಂದು ಮೆಸೇಜು: ಬುಧವಾರ ಹುಬ್ಬಳ್ಳಿಗೆ ಹೋಗಿ ದಯವಿಟ್ಟು ರಕ್ತ ಕೊಟ್ಟು ಬನ್ನಿ. ಶುಕ್ರವಾರ ಅವಳಿಗೆ ರಕ್ತ. ಮೊದಲ ಸೋಮವಾರ ನಾನು ಪಾಳಿಯವರಿಗೆ ಫೋನು ಮಾಡಿ ಮೆಸೇಜು ಬಂತೇ ಎಂದು ಕೇಳಿದೆ. ಬಂದಿತ್ತು. ಎರಡನೇ ಸಲವೂ ಕೇಳಿದೆ. ಮೂರನೇ ಸಲ ಯಜಮಾನರು, “ನೀನ ಫೋನ್ ಮಾಡಾಕಿದ್ರ ಆ ಮಷಿನ್ ಯಾಕ ಬೇಕಿತ್ತು?” ಎಂದು ಕೇಳಿದ್ದರಿಂದ ನಾಚಿಕೆಯಾಗಿ ಬಿಟ್ಟೆ. ಆರೇಳು ಸಲ ಸುಸೂತ್ರವಾಗಿ ನಡೆಯಿತು. ಜನ್ಮದಲ್ಲಿ ಮೊದಲ ಬಾರಿಗೆ, ಹೇಳಿಟ್ಟ ಕೆಲಸವೊಂದನ್ನು ನಾನು ಮರೆತೆ.

ಜುಲೈ ತಿಂಗಳು. ಗುಡುಗು ಮಳೆಗೆ ಟೆಲಿಫೋನ್ ಲೈನು ಸತ್ತು ಸೆಂಟರಿಗೆ ಬೀಗ ಹಾಕಿದ್ದೆ. ಲೈನು ಬರುವವರೆಗೆ ಎಂದು ಗೋವೆಯ ದಾರಿಯ ರಾಮನಗರದಲ್ಲಿರುವ ತಂಗಿಯ ಮನೆಗೆ ಹೋದೆ. ಬುಧವಾರ ಬೆಳಿಗ್ಗೆ ಹತ್ತರ ಹೊತ್ತು. ತಂಗಿ ಬಡಿಸಿದ ಥಾಲಿಪಟ್ಟಿಗೆ ಬೆಣ್ಣೆ ಸವರುತ್ತಿದ್ದೆ. ಗೋವೆಯ ಕಡೆಗೆ ಹೋಗುವ ಲಾರಿಯೊಂದು ಮನೆಯ ಮುಂದೆ ಕೆಟ್ಟು ನಿಂತಿತ್ತು. ಡ್ರೈವರ್ ಬಾನೆಟ್ಟು ಎತ್ತುತ್ತಿದ್ದ. ಮೆಕ್ಯಾನಿಕ್ಕು ಬೇಕೇನೋ ಎಂದುಕೊಂಡೆ. ರಫೀಕ್ ಭಾಯ್ ನೆನಪಾದರು. ಸೋಮವಾರ ನೆನಪಾಯಿತು.

ಬೆಣ್ಣೆಯ ಚಮಚ ಕೆಳಗಿಟ್ಟೆ. ಮೆಸೇಜು ಹೋಗಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಯಂತ್ರ, ತನ್ನಷ್ಟಕ್ಕೆ ತಾನೇ ಮಾಡಿರುತ್ತದೆ. ಆದರೆ ಕಾಲು ಆಗಲೇ ಚಪ್ಪಲಿ ಹುಡುಕುತ್ತಿತ್ತು.

ಈ ಸಲದ ಪಾಳಿ ತಾಶಿಯವರದು. ಮುಂಡಗೋಡದ ಟಿಬೆಟನ್ ಕಾಲೊನಿಯವರು, ಗೋವಿನಜೋಳ ಬೆಳೆಯುತ್ತಾರೆ. ಎಸ್‌ಟಿಡಿ ಬೂತಿನಿಂದ ಫೋನು ಹಚ್ಚಿದೆ. ಅವರ ಹೆಂಡತಿ ಎತ್ತಿದರು.

“ಅವರು ಹೊಲಕ್ಕ ಹೋಗ್ಯಾರ್ರೀ. ಫೋನ್ ಇಲ್ಲೇ ಐತಿ.”

“ಸೋಮವಾರ ಏನಾರ ಮೆಸೇಜ್ ಬಂದಿತ್ತೇನ್ರೀ?”

ಅವರು ಹುಡುಕಿ ನೋಡುವವರೆಗೆ ಬೂತಿನ ಕೆಂಪು ಅಂಕಿಗಳು ಓಡುತ್ತಿದ್ದವು. “ಏನೂ ಇಲ್ರೀ ಅಕ್ಕೋರ.”

 ಅವರು ಬಂದ ತಕ್ಷಣ ಹುಬ್ಬಳ್ಳಿಗೆ ಹೋಗಲು ಹೇಳಿ ಎಂದೆ. ಹೊಲ ದೂರ, ಕರೆಸುತ್ತೇನೆ ಎಂದರು. ಹನ್ನೆರಡಾಗುತ್ತದೋ, ಎರಡಾಗುತ್ತದೋ. ನನ್ನ ಕಣ್ಣ ಮುಂದೆ ಶಾಲೆಯ ಮೆಟ್ಟಿಲು, ಅದರ ಮೇಲೊಂದು ಮಗು. ನಾನು ಆ ಮೆಟ್ಟಿಲನ್ನು ಕಂಡೇ ಇಲ್ಲ. ಆದರೂ ಅದರ ಒಡೆದ ಅಂಚು ಸಹಿತ ಕಾಣುತ್ತಿತ್ತು.

ಪಕ್ಕದ ಮೊಬೈಲ್ ದುರಸ್ತಿ ಅಂಗಡಿಯ ಮೂಲೆಯಲ್ಲಿ ಇಂಟರ್ನೆಟ್ ಇದ್ದ ಒಂದೇ ಒಂದು ಕಂಪ್ಯೂಟರಿತ್ತು. ಕುಳಿತು ನನ್ನ ವೆಬ್‌ಸೈಟು ತೆರೆದೆ. ಪುಟ ಬರಲಿಲ್ಲ. ಬಿಳಿಯ ತೆರೆ. ಮತ್ತೆ ಒತ್ತಿದೆ. ಬಿಳಿ. ಮತ್ತೊಮ್ಮೆ. “ಅಕ್ಕಾ, ಸಾವಕಾಶ. ಇಲ್ಲಿ ಲೈನ್ ಹಿಂಗ ಇರತೈತಿ” ಎಂದ ಅಂಗಡಿಯವನು. ಸಾವಕಾಶ ಎಂಬ ಶಬ್ದ ಆಗ ನನಗೆ ಅರ್ಥವಾಗುವಂತಿರಲಿಲ್ಲ. ನಾಲ್ಕನೇ ಸಲ ಒತ್ತಿದ ಮೇಲೆ ಪುಟ ಮೂಡಿತು. ಕೆಲಸದ ಪಟ್ಟಿಯಲ್ಲಿ ನೋಡಿದರೆ, ಸೋಮವಾರದ ಕೆಲಸದ ಮುಂದೆ ಬುಧವಾರದ ಹೊತ್ತು ಬರೆದಿತ್ತು. ಆಗಿ ಒಂದು ನಿಮಿಷವೂ ಕಳೆದಿರಲಿಲ್ಲ.

ಆಮೇಲೆ ಪುಸ್ತಕ ತೆಗೆದು ನೋಡಿದಾಗ ಇದರ ಒಳಗುಟ್ಟು ತಿಳಿಯಿತು. ಸಣ್ಣ ಅಕ್ಷರದಲ್ಲಿದ್ದ ಆ ಭಾಗವನ್ನು ನಾನು ಹಾರಿಸಿದ್ದೆ. ಈ ತಂತ್ರಾಂಶ ತಾನಾಗಿ ಗಡಿಯಾರ ನೋಡುವುದಿಲ್ಲ. ಯಾರಾದರೂ ವೆಬ್‌ಸೈಟು ತೆರೆದಾಗ ಎಚ್ಚರಾಗಿ, ಹೊತ್ತಾಯಿತೇ, ಬಾಕಿ ಕೆಲಸವಿದೆಯೇ ಎಂದು ನೋಡುತ್ತದೆ. ಯಾರೂ ಬಾರದಿದ್ದರೆ ಸೋಮವಾರವೂ ಇಲ್ಲ, ಮಂಗಳವಾರವೂ ಇಲ್ಲ. ಇಷ್ಟು ದಿನ ನನ್ನ ಕ್ಲಾಸಿನ ಮಕ್ಕಳು ಕಂಪ್ಯೂಟರ್ ಚಾಲೂ ಮಾಡಿದಾಗಲೆಲ್ಲ ಅದನ್ನು ತಟ್ಟಿ ಎಬ್ಬಿಸುತ್ತಿದ್ದರು. ನಾನು ಬೀಗ ಹಾಕಿದೆ, ಅದು ಮಲಗಿತು. ಹೊರಗಿನ ಲೋಕದಿಂದ ಒಬ್ಬನೇ ಒಬ್ಬ ನೋಡಲು ಬಂದಿದ್ದರೂ ಸಾಕಿತ್ತು. ಬಂದಿರಲಿಲ್ಲ. ನನ್ನ ನೂರಾರು ಓದುಗರ ಬಣ್ಣ ಹೀಗೆ ಬಯಲಾಯಿತು.

ಅಂದು ಸಂಜೆ ನಾಲ್ಕು ಗಂಟೆಗೆ ರಫೀಕ್ ಭಾಯ್‌ಗೆ ಫೋನು ಮಾಡಿದೆ. ಬೈಸಿಕೊಳ್ಳಲು ಸಿದ್ಧಳಾಗಿಯೇ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಶುರು ಮಾಡಿದರು.

“ಅಕ್ಕೋರ, ಹುಬ್ಬಳ್ಳಿಯಿಂದ ಈಗ ಫೋನ್ ಬಂದಿತ್ರೀ. ನಾಕ ಮಂದಿ ಬಂದು ಕುಂತಾರಂತ!”

ನಾನು ಹೆದರಿ ನಾಲ್ಕು ಸಲ ಒತ್ತಿದ್ದೆನಲ್ಲ, ಒಂದೊಂದು ಒತ್ತಿಗೂ ಅದು ಎಚ್ಚರಾಗಿತ್ತು. ಹಿಂದಿನದು ಮುಗಿದಿದೆಯೇ ಎಂದು ನೋಡುವ ಮೊದಲೇ ಪಾಳಿಯ ಮುಂದಿನವರನ್ನು ಕರೆದಿತ್ತು. ಮೆಸೇಜಿನಲ್ಲಿ ಬುಧವಾರ ಎಂದಿತ್ತು, ಅಂದೇ ಬುಧವಾರ. ಸಾಂಬ್ರಾಣಿ ಎಂಬ ಊರಿನ ರೈತ ಯಲ್ಲಪ್ಪ ನಾಟಿ ಬಿಟ್ಟು ಕೆಸರುಗಾಲಲ್ಲೇ ಬಸ್ಸು ಹತ್ತಿದ್ದರು. ಹಳಿಯಾಳದ ಒಬ್ಬರು ಮೇಷ್ಟ್ರು, ದಾಂಡೇಲಿಯ ಮಿಲ್ಲಿನ ಒಬ್ಬರು ಕಾರ್ಮಿಕರು. ಕೊನೆಗೆ ಹೊಲದಿಂದ ಓಡಿಬಂದ ತಾಶಿ. ನಾಲ್ವರೂ ಒಂದೇ ಬೆಂಚಿನ ಮೇಲೆ, ಪಾಳಿ ತಮ್ಮದೆಂದು ವಾದಿಸುತ್ತ ಕುಳಿತಿದ್ದರಂತೆ. ತಾಶಿಯವರ ರಕ್ತ ತೆಗೆದುಕೊಂಡರು. ಉಳಿದ ಮೂವರು ಚಹಾ ಕುಡಿದು ಊರಿಗೆ ಬಂದರು. ಶುಕ್ರವಾರ ನಸ್ರೀನಳಿಗೆ ರಕ್ತ ಸಿಕ್ಕಿತು.

ಇಲ್ಲಿಗೆ ಸುಮ್ಮನಿರಬಹುದಿತ್ತು. ಯಾರಿಗೂ ಏನೂ ಗೊತ್ತಿರಲಿಲ್ಲ. ಕಂಪ್ಯೂಟರು ಜೋರಾಗಿ ಕೆಲಸ ಮಾಡಿದೆ ಎಂದೇ ರಫೀಕ್ ಭಾಯ್ ತಿಳಿದಿದ್ದರು. ಆದರೆ ಮುಚ್ಚಿಟ್ಟು ಬದುಕುವುದಕ್ಕೆ ಬೇಕಾದ ಧೈರ್ಯ ನನಗಿಲ್ಲ. ಮುಂದಿನ ವಾರ ಅವರು ಮಗಳನ್ನು ಕರೆದುಕೊಂಡು ಸೆಂಟರಿಗೆ ಬಂದಾಗ ಎಲ್ಲವನ್ನೂ ಹೇಳಿದೆ. ಎರಡು ದಿನ ಅದು ಮಲಗಿತ್ತು, ನಾನೂ ಮಲಗಿದ್ದೆ ಎಂದೆ.

ರಫೀಕ್ ಭಾಯ್ ಕೈ ಒರೆಸುವ ಬಟ್ಟೆಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದರು. “ಅಂದ್ರ ಇದಕ್ಕ ಸೆಲ್ಫ್ ಸ್ಟಾರ್ಟರ್ ಇಲ್ಲಂತ ಆತು. ಮಂದಿ ದಬ್ಬಿದ್ರಷ್ಟ ಚಾಲೂ ಆಗತೈತಿ. ಸೆಲ್ಫ್ ಕೂಡಸಾಕ ಬರತೈತೇನ್ರೀ?”

ಪುಸ್ತಕದ ಸಣ್ಣ ಅಕ್ಷರದ ಭಾಗ ನಲವತ್ತು ಪುಟದಲ್ಲಿ ಹೇಳಿದ್ದನ್ನು ಅವರು ಮೂರು ಮಾತಿನಲ್ಲಿ ಮುಗಿಸಿದ್ದರು. ಬರುತ್ತದೆ ಎಂದೆ. ನಮ್ಮ ವೆಬ್‌ಸೈಟು ಇರುವ ದೂರದ ಊರಿನ ದೊಡ್ಡ ಕಂಪ್ಯೂಟರಿಗೆ ಅದರದೇ ಗಡಿಯಾರವಿರುತ್ತದೆ. ಯಾರು ಬರಲಿ ಬಿಡಲಿ, ಅದು ಹೊತ್ತಿಗೆ ಸರಿಯಾಗಿ ಎಬ್ಬಿಸುತ್ತದೆ. ಒಂದು ಕೆಲಸ ಮುಗಿಯದೆ ಇನ್ನೊಂದಕ್ಕೆ ಕೈಹಾಕದಂತೆ ಬೀಗವನ್ನೂ ಹಾಕಬಹುದು. ಇಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಆ ದೊಡ್ಡ ಕಂಪ್ಯೂಟರಿನ ಅರ್ಜಿಯಂಥ ಪುಟವನ್ನು ತುಂಬುತ್ತ ಬಂದೆ. ಎಂಥ ಕೆಲಸ: ಮತ್ತೆ ಮತ್ತೆ. ಎಷ್ಟು ದಿನಕ್ಕೊಮ್ಮೆ: ಇಪ್ಪತ್ತೊಂದು. ಆಮೇಲೆ ಹಳೆಯದರಲ್ಲಿ ಇಲ್ಲದ ಒಂದು ಚೌಕ ಬಂತು. ಒಟ್ಟು ಎಷ್ಟು ಸಲ?

ಖಾಲಿ ಬಿಟ್ಟು ಮುಂದೆ ಹೋಗಲು ನೋಡಿದೆ. ಬಿಡಲಿಲ್ಲ. ಸಂಖ್ಯೆ ಬೇಕೇ ಬೇಕೆಂದು ಕೆಂಪಗಾಯಿತು.

ನನ್ನ ಕೈ ಕೀಲಿಗಳ ಮೇಲೆಯೇ ನಿಂತಿತು. ನಾನು ರಫೀಕ್ ಭಾಯ್ ಕಡೆ ನೋಡಲಿಲ್ಲ. ಅವರು ಗೋಡೆಯ ಕ್ಯಾಲೆಂಡರಿನ ಕಡೆ ನೋಡುತ್ತಿದ್ದರು ಎಂದು ನೋಡದೆಯೂ ಗೊತ್ತಾಯಿತು. ಎಷ್ಟು ವರ್ಷ ಎಂದು ಡಾಕ್ಟರರನ್ನು ಅವರು ಎಂದೂ ಕೇಳಿರಲಿಲ್ಲ. ಅವರು ಕೇಳದೆ ಬಿಟ್ಟ ಪ್ರಶ್ನೆಯನ್ನು ಈ ದರಿದ್ರ ಚೌಕ ಮಗುವಿನ ಎದುರಿಗೇ ಕೇಳುತ್ತಿತ್ತು. ನನ್ನ ಜೀವನದಲ್ಲಿ ನೂರಾರು ಹೆದರಿಕೆಗಳನ್ನು ಸಾಕಿದ್ದೇನೆ. ಅಷ್ಟು ಹೆದರಿದ್ದು ಅವತ್ತೊಂದೇ ದಿನ.

ಅದು ಎರಡೇ ಅಂಕಿ ಹಿಡಿಯುವ ಚೌಕ. ಹಿಡಿಸುವಷ್ಟನ್ನೂ ತುಂಬಿದೆ. ತೊಂಬತ್ತೊಂಬತ್ತು.

“ರಗಡ ಆತ್ರೀ,” ಎಂದರು ರಫೀಕ್ ಭಾಯ್, ಬಹಳ ಮೆತ್ತಗೆ. “ಅಷ್ಟು ಸಾಕ್ರೀ.”

ನಸ್ರೀನ್ ಕುರ್ಚಿಯ ತುದಿಗೆ ಬಂದು, ತುಟಿ ಅಲುಗಿಸುತ್ತ ಬೆರಳು ಮಡಚಿದಳು. ಹತ್ತು ವರ್ಷದ ಹುಡುಗಿ, ಅದೇ ಜೂನಿನಲ್ಲಿ ಐದನೇ ತರಗತಿಗೆ ಬಂದವಳು. ಹೊಸ ರಕ್ತ ಬಿದ್ದ ವಾರ, ಕೆನ್ನೆಯಲ್ಲಿ ಬಣ್ಣವಿತ್ತು.

“ಎಲ್ಲಿ ಸಾಕು ಅಬ್ಬಾ? ಇದು ಐದ ವರ್ಷ ಎಂಟ ತಿಂಗಳಿಗೆ ಮುಗೀತೈತಿ. ಮಾರ್ಚ್ ತಿಂಗಳಾಗ. ಅವಾಗ ನಂದು ಹತ್ತನೇತ್ತಾ ಪರೀಕ್ಷಾ ಇರತೈತಿ,” ಎಂದವಳು ನನ್ನ ಕಡೆ ತಿರುಗಿ ಗದರಿಸಿದಳು. “ಪರೀಕ್ಷಾ ಟೈಮಿನಾಗ ನಿಂತ್ರ ಹೆಂಗ್ರೀ ಅಕ್ಕೋರ?”

ರಫೀಕ್ ಭಾಯ್ ಅಷ್ಟು ಹೊತ್ತು ಮಡಚುತ್ತಿದ್ದ ಬಟ್ಟೆಯಿಂದ ಮುಖ ಒರೆಸಿಕೊಂಡರು. ಅದರ ಮಸಿಯೆಲ್ಲ ಹಣೆಗೆ ಹತ್ತಿತು.

ದೊಡ್ಡವರಾದ ನಮ್ಮಿಬ್ಬರಿಗೂ ಆ ಸಂಖ್ಯೆ ಬಾಯಿಬಿಟ್ಟು ಹೇಳಲು ಹೆದರಿಕೆಯಾಗುವಷ್ಟು ದೊಡ್ಡದಾಗಿತ್ತು. ಅವಳಿಗೆ ಅದು ಒಂದು ಪರೀಕ್ಷೆಗೂ ಸಾಲದಷ್ಟು ಸಣ್ಣದು. ನಾನು ಪಟ್ಟಿಯಲ್ಲಿ ಇನ್ನೊಂದು ಕೆಲಸ ತೆರೆದೆ. ಎಂಥ ಕೆಲಸ: ಒಮ್ಮೆ ಮಾತ್ರ. ಯಾವಾಗ: ಆ ವರ್ಷದ ಮಾರ್ಚ್, ಪರೀಕ್ಷೆಗೆ ಮುಂಚಿನ ಸೋಮವಾರ. ಏನು ಮಾಡಬೇಕು: ಎಣಿಕೆಯನ್ನು ಮತ್ತೆ ಒಂದರಿಂದ ಶುರು ಮಾಡಬೇಕು.

ನಸ್ರೀನ್ ಎರಡು ಸಲ ಓದಿ ನೋಡಿದಳು. ಆಮೇಲೆ ಗುಂಡಿಯನ್ನು ತಾನೇ ಒತ್ತಿದಳು, ಒಂದೇ ಸಲ.