ಪ್ಲಾಸ್ಟಿಕ್ ಕಪ್ಪೆ ಮತ್ತು ಕೆಂಪು ಮರಿಗಳು

ನನ್ನ ಭಾವ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದವರು. ಅಪ್ಪಣೆ ಕೊಡುವುದರಿಂದ ಮಾತ್ರ ಇನ್ನೂ ನಿವೃತ್ತರಾಗಿಲ್ಲ. ಕಳೆದ ಮಳೆಗಾಲದಲ್ಲಿ ಅಕ್ಕನಿಗೆ ಹೊಟ್ಟೆಯ ಆಪರೇಷನ್ ಆಯಿತು. ಮನೆಗೆ ಬಂದ ಮೇಲೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಗಂಜಿ ಕಂಡರೆ ಮುಖ ತಿರುಗಿಸುತ್ತಿದ್ದಳು. ಕೊನೆಗೊಂದು ದಿನ ತಾನಾಗಿಯೇ ಬಾಯಿಬಿಟ್ಟು, ಕೆರೆಯ ಕೊರಮೀನಿನ ಸಾರಾದರೆ ಎರಡು ತುತ್ತು ಇಳಿಯಬಹುದು ಎಂದಳು. ಹೊಲಿಗೆ ಹಾಕಿದ ಗಾಯಕ್ಕೆ ಕೊರಮೀನು ಒಳ್ಳೆಯದೆಂಬುದು ನಮ್ಮಲ್ಲಿನ ನಂಬಿಕೆ.

ನಾನು ಶಿವಮೊಗ್ಗದಿಂದ ಬಿದಿರಿನ ಗಾಳ, ಒಂದು ಡಬ್ಬಿ ಎರೆಹುಳು ಹಿಡಿದು ಮಲವಗೊಪ್ಪದ ಆಚೆಯ ಕೆರೆಗೆ ಹೋದೆ. ಭಾವ ಆಗಲೇ ಅಲ್ಲಿ ಮಡಚುವ ಕುರ್ಚಿಯ ಮೇಲೆ ಪೀಠಾರೋಹಣ ಮಾಡಿದ್ದರು. ತೊಡೆಯ ಮೇಲೆ ಆನ್‌ಲೈನಿನಲ್ಲಿ ತರಿಸಿದ, ಗಾಳಕ್ಕೆ ಕಟ್ಟುವ ನಕಲಿ ಎರೆಗಳ ಪೆಟ್ಟಿಗೆ. ಅದರೊಳಗೆ ಪ್ಲಾಸ್ಟಿಕ್ ಕಪ್ಪೆಗಳು, ರಬ್ಬರ್ ಹುಳುಗಳು, ಮಿನುಗುವ ತಗಡಿನ ಮೀನುಗಳು, ನವರಾತ್ರಿಯ ಗೊಂಬೆಗಳಂತೆ ಸಾಲಾಗಿ ಕೂತಿದ್ದವು. ನನ್ನ ಡಬ್ಬಿ ಕಂಡು ಅವರು ಮೂಗು ಮುಚ್ಚಿಕೊಂಡರು. ಮೋಡವಿದ್ದರೆ ಕಪ್ಪು ಕಪ್ಪೆ, ಬಿಸಿಲಿದ್ದರೆ ಹಸಿರು, ನೀರು ಕದಡಿದ್ದರೆ ಹಳದಿ ಎಂದು ಮೊಬೈಲಿನಲ್ಲಿ ಕಲಿತ ಶಾಸ್ತ್ರವನ್ನು ಉಪದೇಶಿಸಿದರು. ಆ ದಿನ ಮೋಡವೂ ಇತ್ತು, ಬಿಸಿಲೂ ಇತ್ತು, ನೀರೂ ಕದಡಿತ್ತು. ಯಾವ ಬಣ್ಣಕ್ಕೂ ಮೀನು ಸೊಪ್ಪು ಹಾಕಲಿಲ್ಲ. ನನ್ನ ಹುಳುವಿಗೂ ಹಾಕಲಿಲ್ಲವೆಂಬುದನ್ನು ಅವರು ಬಿಡದೆ ನೆನಪಿಸಿದರು.

ಮಧ್ಯಾಹ್ನದ ಹೊತ್ತಿಗೆ ಜೊಂಡಿನ ಪಕ್ಕದಲ್ಲಿ, ನೀರಿನ ಮೇಲೆ ಕುಂಕುಮ ಚೆಲ್ಲಿದಂತೆ ಒಂದು ಕೆಂಪು ಗುಂಪು ಎದ್ದಿತು. ಕೊರಮೀನಿನ ಮರಿಗಳು. ಅವುಗಳ ಕೆಳಗೇ ತಾಯಿ ಕಾವಲಿರುತ್ತದೆ. ಆ ದಿನಗಳಲ್ಲಿ ಅದು ಹತ್ತಿರ ಬಂದದ್ದನ್ನೆಲ್ಲ ಕಚ್ಚುತ್ತದೆ, ಹಸಿವಿಗಲ್ಲ, ಸಿಟ್ಟಿಗೆ. ತಾಯಿ ಹೋದರೆ ಮರಿಗಳು ಉಳಿದ ಮೀನುಗಳ ಬಾಯಿಗೆ. ಅದಕ್ಕೇ ಮರಿಗುಂಪು ಕಂಡಲ್ಲಿ ಗಾಳ ಹಾಕಬಾರದು, ಎದ್ದು ಬೇರೆ ದಡಕ್ಕೆ ಹೋಗಬೇಕು. ಇದನ್ನು ನನಗೆ ಕಲಿಸಿದವರು ಇದೇ ಭಾವ.

ನಾನು ಏಳುತ್ತಿದ್ದೆ. ಅವರು ಹಸಿರು ಕಪ್ಪೆಯನ್ನು ನೇರ ಆ ಕೆಂಪಿನ ನಡುವೆಯೇ ಎಸೆದರು. ನೀರು ಸಿಡಿಯಿತು. ಮೊಳದುದ್ದದ ಮೀನು ಒದ್ದಾಡುತ್ತ ದಡಕ್ಕೆ ಬಂತು.

"ನೋಡಿದ್ಯಾ, ಹಸಿರು ಕಪ್ಪೆ."

"ಕಪ್ಪೆ ನೋಡಿ ಬಂದಿದ್ದಲ್ಲ ಭಾವ ಅದು. ನಿಮ್ಮನ್ನ ಓಡ್ಸಕ್ಕೆ ಬಂದಿದ್ದು."

ನಿನ್ನ ಅಕ್ಕ ಅನ್ನ ಬಿಟ್ಟು ಮಲಗಿದ್ದಾಳೆ, ನಿನಗೆ ಮೀನಿನ ಸಂಸಾರದ ಚಿಂತೆ ಎಂದು ರೇಗಿದರು. ಆ ಮಾತು ಸುಳ್ಳಾಗಿರಲಿಲ್ಲ. ಅದಕ್ಕೇ ಇನ್ನಷ್ಟು ಮೈ ಉರಿಯಿತು. ಅವರು ಚೀಲ ಬಿಡಿಸುವಷ್ಟರಲ್ಲಿ ನಾನು ಕೊಕ್ಕೆ ಬಿಡಿಸಿ ಮೀನನ್ನು ನೀರಿಗೆ ಬಿಟ್ಟೆ.

ಭದ್ರಾವತಿ ತಲುಪುವವರೆಗೆ ಒಂದೇ ಬೈಕಿನ ಮೇಲೆ ಇಬ್ಬರೂ ಮೌನವ್ರತ. ಮನೆಯಲ್ಲಿ ವ್ರತ ಮುರಿಯಿತು. ಅಕ್ಕ ಇಬ್ಬರ ದೂರನ್ನೂ ಮಲಗಿದಲ್ಲೇ ಕೇಳಿಸಿಕೊಂಡಳು.

"ಬಿಟ್ಟಿದ್ದು ಸರಿ ಮಾರಾಯ," ಎಂದಳು. "ಈಗ ಸಾರಿಗೆ ಏನು ಹಾಕೋದು, ನಿಮ್ಮಿಬ್ಬರ ಜಗಳಾನಾ?"

ಅವಳು ಆ ರಾತ್ರಿಯೂ ಉಣ್ಣಲಿಲ್ಲ. ಮರುದಿನ ಬೆಳಿಗ್ಗೆ ನಾನೊಬ್ಬನೇ ಕೆರೆಯ ಆಚೆ ದಡಕ್ಕೆ ಹೋಗಿ, ಅದೇ ಎರೆಹುಳು ಕಟ್ಟಿ ಒಂದಿಷ್ಟು ಜಿಲೇಬಿ ಮೀನು ತಂದೆ. ಅಂಗೈಯಗಲದವು, ಮೈತುಂಬ ಮುಳ್ಳು. ಸಾರಾಯಿತು. ಭಾವ ಮಂಚದ ಪಕ್ಕ ಕೂತು, ಕನ್ನಡಕ ಏರಿಸಿಕೊಂಡು, ಒಂದೊಂದೇ ಮುಳ್ಳು ಬಿಡಿಸಿ ಮೀನನ್ನು ಅಕ್ಕನ ತಟ್ಟೆಗಿಡತೊಡಗಿದರು. ಅಕ್ಕ ಉಂಡಳು. ನಾನು ಬಾಗಿಲಲ್ಲಿ ನಿಂತು ಅವರ ಬೆರಳನ್ನೇ ಕಾಯುತ್ತಿದ್ದೆ. ಒಂದೇ ಒಂದು ಮುಳ್ಳು ಉಳಿದಿದ್ದರೂ ಸಾಕಿತ್ತು, ಜಗಳ ಅಲ್ಲಿಂದಲೇ ಮುಂದುವರಿಸುತ್ತಿದ್ದೆ. ಆ ಮನುಷ್ಯ ಉಳಿಸಲಿಲ್ಲ.