ಉಡಿಗೆ ಹಾಕಿದ ಗುಳಿಗೆ

ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ. ಆಗಲಿ, ನನಗೆ ಆಗಬೇಕಾದದ್ದೇ.

ಮದುವೆಯಾಗಿ ಆರು ವರ್ಷ ನನಗೆ ಮಕ್ಕಳಿರಲಿಲ್ಲ. ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ಎಷ್ಟು ಸಲ ಬಸ್ಸು ಹತ್ತಿದೆನೋ! ಅಲ್ಲಿಯ ಡಾಕ್ಟರಮ್ಮ ಚೀಟಿಯ ಹಿಂದೆ ಚಿತ್ರ ಬಿಡಿಸಿ ತಿಳಿಸಿದ್ದರು: "ನಿಮ್ಮ ಅಂಡಾಶಯದಾಗ ಮೊಟ್ಟಿ ಅದಾವು, ಆದ್ರ ಬಲಿತು ಹೊರಗ ಬರವಲ್ವು. ಮೈಯಾಗ ಹೆಣ್ಣಿನ ಹಾರ್ಮೋನು ಕಮ್ಮಿ ಆಗೇತಿ ಅಂತ ಈ ಗುಳಿಗಿ ಮೆದುಳಿಗೆ ಸುಳ್ಳು ಹೇಳತೈತಿ. ಮೆದುಳು ಗಾಬರಿಯಾಗಿ, ಮೊಟ್ಟಿ ಬೆಳಸು ಅಂತ ಅಂಡಾಶಯಕ್ಕ ಜೋರು ಹುಕುಂ ಕಳಸತೈತಿ."

ಮುಟ್ಟಾದ ಎರಡನೇ ದಿನದಿಂದ ಐದು ದಿನ ಗುಳಿಗೆ. ಆಮೇಲೆ ದಿನ ಬಿಟ್ಟು ದಿನ ಸ್ಕ್ಯಾನ್. ಮೊಟ್ಟೆ ಸಾಕಷ್ಟು ದೊಡ್ಡದಾದ ಮೇಲೆ ಅದು ಹೊರಬರಲೆಂದು ಒಂದು ಇಂಜೆಕ್ಷನ್. ಗುಳಿಗೆ ಶುರುಮಾಡುವ ಮೊದಲೂ ಪ್ರತಿ ತಿಂಗಳು ಸ್ಕ್ಯಾನ್ ಮಾಡುತ್ತಿದ್ದರು. ಯಾಕೆಂದು ನಾನು ಕೇಳಿರಲಿಲ್ಲ. ನಾಲ್ಕನೇ ತಿಂಗಳು ಬಸುರಿಯಾದೆ, ಮಗಳು ಹುಟ್ಟಿದಳು. ಉಳಿದ ಒಂದು ಸ್ಟ್ರಿಪ್ ಗುಳಿಗೆಯನ್ನು ಟ್ರಂಕಿನಲ್ಲಿ ಸೀರೆಯಡಿ ಇಟ್ಟುಕೊಂಡೆ.

ನನ್ನ ನೆಗೆಣ್ಣಿಗೂ, ಅಂದರೆ ಮೈದುನನ ಹೆಂಡತಿಗೂ, ಮದುವೆಯಾಗಿ ಮೂರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಒಂದೇ ಮನೆಯಲ್ಲಿದ್ದೆವು. ಪಂಚಮಿಗೆ ಅವಳು ಹಂಪಸಾಗರದ ತವರಿಗೆ ಹೊರಟಾಗ ನಾನೇ ಉಡಿ ತುಂಬಿದೆ. ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಕಣ. ಅವುಗಳ ಜತೆಗೆ ಆ ಸ್ಟ್ರಿಪ್ಪನ್ನೂ ಹಾಕಿದೆ.

"ಲೇ, ಮುಟ್ಟಾದ ಎರಡನೇ ದಿನದಿಂದ ದಿನಾ ಒಂದು ನುಂಗು. ನನ್ನ ಕೈಗುಣ ನೋಡುವಂತಿ."

"ಅಕ್ಕಾ, ಡಾಕ್ಟರಮ್ಮನ್ನ ಕೇಳೋದು ಬ್ಯಾಡೇನು?"

"ಆಸ್ಪತ್ರಿಗೆ ಅಡ್ಡಾಡಿ ಊರ ಬಾಯಿಗೆ ಯಾಕ ಬೀಳ್ತಿ? ನಾ ಅದೀನಲ್ಲ!"

ಪ್ರೀತಿ ಇರಲಿಲ್ಲವೆಂದಲ್ಲ, ಇತ್ತು. ಆದರೆ ಅವಳ ಮಗುವೂ ನನ್ನ ಕೈಯಿಂದಲೇ ಆಯಿತು ಅನ್ನಿಸಿಕೊಳ್ಳುವ ಆಸೆ ಅದಕ್ಕಿಂತ ದೊಡ್ಡದಿತ್ತು.

ಮುಂದಿನ ತಿಂಗಳು, ತವರಿನಿಂದ ಮರಳಿದ ಮೇಲೆ ಒಂದು ಬೆಳಿಗ್ಗೆ, ರೊಟ್ಟಿ ಬಡಿಯುತ್ತಿದ್ದವಳು ಹೊಟ್ಟೆ ಹಿಡಿದುಕೊಂಡು ಕುಸಿದಳು. ಮಗಳನ್ನು ಎತ್ತಿಕೊಂಡು ನಾನೇ ಅವಳನ್ನು ಅದೇ ಡಾಕ್ಟರಮ್ಮನ ಬಳಿ ಕರೆದೊಯ್ದೆ. ಏನು ತಿಂದಿರಿ ಎಂದು ಅವರು ಕೇಳಿದಾಗ ನೆಗೆಣ್ಣಿ ಪರ್ಸಿನಿಂದ ಖಾಲಿ ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟಳು.

ಸ್ಕ್ಯಾನ್ ಮಾಡಿದ ಡಾಕ್ಟರಮ್ಮ ಸಿಟ್ಟಿನಿಂದ ಕೆಂಪಾದರು. "ಅಂಡಾಶಯದಾಗ ಮೊದಲ ನೀರಿನ ಗುಳ್ಳಿ ಇದ್ದಿರಬೇಕು. ಅದಕ್ಕ ನಾವು ಮೊದಲ ಸ್ಕ್ಯಾನ್ ಮಾಡೋದು! ಗುಳಿಗಿ ತಿಂದು ಅದನ್ನ ಇಷ್ಟು ದಪ್ಪ ಮಾಡ್ಕೊಂಡೀರಿ. ತಿರುಚಿಕೊಂಡಿದ್ರ ಅಂಡಾಶಯನ ತಗೀಬೇಕಾಗ್ತಿತ್ತು. ಯಾರು ಕೊಟ್ರು ಇದನ್ನ?"

ನಾನು ಮಗಳ ಕುಲಾವಿಯ ದಾರ ಗಟ್ಟಿಯಾಗೇ ಇದ್ದರೂ ಬಿಚ್ಚಿ, ಮತ್ತೆ ಕಟ್ಟುತ್ತ ಕೂತೆ.

"ನಾನ ಔಷಧಿ ಅಂಗಡ್ಯಾಗ ಕೇಳಿ ತಗೊಂಡೆ ರೀ," ಅಂದಳು ನೆಗೆಣ್ಣಿ.

ಬೈಗುಳವೆಲ್ಲ ಅವಳಿಗೇ ಬಿತ್ತು. ಕೊನೆಗೆ ಡಾಕ್ಟರಮ್ಮ ನನ್ನತ್ತ ಕೈಮಾಡಿ, "ಮನ್ಯಾಗ ಇವರಿದ್ರಲ್ಲ, ನೋಡಿ ಕಲೀಬಾರದಾ? ಎಷ್ಟು ಶಿಸ್ತಿಲೆ ತಗೊಂಡ್ರು!" ಅಂದರು. ನಾನು ಹೌದೆಂದು ತಲೆಯಾಡಿಸಿದೆ. ಥೂ, ಆಡಿಸಿಯೇಬಿಟ್ಟೆ.

ಪುಣ್ಯಕ್ಕೆ ಆಪರೇಷನ್ ಬೇಕಾಗಲಿಲ್ಲ. ಎರಡು ತಿಂಗಳಲ್ಲಿ ಗುಳ್ಳೆ ಕರಗಿತು. ಅಷ್ಟು ದಿನವೂ ಅತ್ತೆ ಅವಳನ್ನು ಬೈದರು. ನಾನು ಒಳಗಿನಿಂದಲೇ ಕೇಳಿಸಿಕೊಂಡೆ.

ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಅವಳು ಅಕ್ಕಿ ಆರಿಸುತ್ತಿದ್ದಾಗ ಹೋಗಿ ಕೂತೆ. ಅವಳು ಏನಾದರೂ ಒಳ್ಳೆಯ ಮಾತಾಡುತ್ತಾಳೆ, ಇಬ್ಬರೂ ಅತ್ತು ಹಗುರಾಗುತ್ತೇವೆ ಅಂದುಕೊಂಡಿದ್ದೆ.

"ಅವತ್ತು ಡಾಕ್ಟರಮ್ಮನ ಮುಂದ ನನ್ನ ಹೆಸರು ಯಾಕ ಹೇಳಲಿಲ್ಲ?" ಎಂದು ಕೇಳಿದೆ.

ಅವಳು ಮೊರದಿಂದ ಕಣ್ಣೆತ್ತಲಿಲ್ಲ.

"ನೀನ ಹೇಳ್ತಿ ಅಂತ ಕಾದೆ, ಅಕ್ಕಾ."